ಸಡಿಲವಾದ ಹಲ್ಲು ಬೇಕಾಗಿದೆ

ನಮ್ಮ ಯಜಮಾನರು ಸಿನಿಮಾದಲ್ಲಿ ಮೊದಲು ನೋಡುವುದು ಹಲ್ಲು. ನಾಯಕಿ ಅಳಲಿ, ನಾಯಕ ಬೆಂಕಿಗೆ ಹಾರಲಿ, ಇವರ ಕಣ್ಣು ಅವರ ಬಾಯಿಯ ಮೇಲೆ. ಕಲ್ಲು ಒಡೆಯುವ ಮುದುಕ ಎಂದು ಒಬ್ಬನನ್ನು ತೋರಿಸಿ, ಅವನು ಬಾಯಿ ತೆರೆದಾಗ ಮೂವತ್ತೆರಡೂ ಬೆಳ್ಳಗೆ ಹೊಳೆದವೋ, ಮುಗಿಯಿತು ಕಥೆ. “ಸುಳ್ಳು” ಎಂದು ಎದ್ದು ಟಿವಿ ಆರಿಸಿಬಿಡುತ್ತಾರೆ. ಆ ಮುದುಕನ ಮಗಳ ಮದುವೆ ಆಯಿತೋ ಇಲ್ಲವೋ ಎಂದು ಕಾದು ಕೂತ ನನ್ನ ಪಾಡು ಕೇಳುವವರಿಲ್ಲ.

ಇವರ ಕಸುಬೇ ಹಲ್ಲು ಕಟ್ಟುವುದು. ಡಾಕ್ಟರಲ್ಲ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಕಟ್ಟಿ, ಕುದಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ ಮಾಡುತ್ತಾರೆ. ಹಳೆಯ ಗಿರಾಕಿಗಳು ಡಾಕ್ಟರನ್ನು ಬಿಟ್ಟು ನೇರ ಇವರ ಹತ್ತಿರವೇ ಬರುವುದೂ ಉಂಟು. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಮೇಜಿನ ಮೇಲೆ ಕುತ್ತಿಗೆ ಬಗ್ಗಿಸಿದ ದೀಪ, ಗೋಡೆಯ ತುಂಬ ಬಿಳಿ ದವಡೆಗಳ ಸಾಲು. ಮದುವೆಯಾದ ಹೊಸತರಲ್ಲಿ ಕಸ ಗುಡಿಸಲು ಹೋದರೆ ಅಷ್ಟೂ ದವಡೆಗಳು ನನ್ನನ್ನೇ ನೋಡಿ ನಗುತ್ತಿವೆ ಅನಿಸುತ್ತಿತ್ತು. ಈಗ ಅಭ್ಯಾಸವಾಗಿದೆ, ನಗುವಷ್ಟು ನಗಲಿ. ಬೀದಿಯವರು ಇವರನ್ನು ಹಲ್ಲಣ್ಣ ಎನ್ನುತ್ತಾರೆ. ಹಾಗಾಗಿ ನಾನು ಹಲ್ಲತ್ತಿಗೆ. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ದಕ್ಕಿದ ಬಿರುದು ಇದೊಂದೇ.

ಕೆಲಸ ಬಿಟ್ಟರೆ ಇವರಿಗೆ ಸಿನಿಮಾ. ಸಿಕ್ಕಿದ ಸಿನಿಮಾ ಅಲ್ಲ, ‘ದೊಡ್ಡವರಿಗೆ ತೆಗೆದ ಸಿನಿಮಾ’ ಆಗಬೇಕು. ಈ ಮಾತಿನಿಂದ ಒಮ್ಮೆ ಮಾನವೇ ಹೋಗಿದೆ. ಸೀಡಿ ಬಾಡಿಗೆಗೆ ಕೊಡುವ ಅಂಗಡಿಗೆ ಹೋಗಿ ಹತ್ತು ಜನರ ಮುಂದೆ “ದೊಡ್ಡವರ ಸಿನಿಮಾ ಇದ್ರೆ ಕೊಡಪ್ಪಾ” ಎಂದರಂತೆ. ಅಂಗಡಿಯವನು ಅತ್ತ ಇತ್ತ ನೋಡಿ, ಮೇಜಿನ ಕೆಳಗಿನಿಂದ ಕಾಗದ ಸುತ್ತಿದ ಸೀಡಿ ತೆಗೆದು, “ಮನೇಲಿ ಯಾರೂ ಇಲ್ದಾಗ ನೋಡಿ ಹಲ್ಲಣ್ಣ” ಎಂದನಂತೆ. ಇವರಿಗೆ ಆಗಲೂ ಹೊಳೆಯಲಿಲ್ಲ. ಮನೆಗೆ ತಂದು, ನನ್ನನ್ನೂ ನನ್ನ ಮೈದುನನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದರು. ಒಂದು ನಿಮಿಷವೂ ಓಡಲಿಲ್ಲ, ನಾನೇ ಎದ್ದು ಟಿವಿ ಆರಿಸಿದೆ. ಮೈದುನ ಇವತ್ತಿಗೂ ಆ ಮಾತೆತ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಇವರು ಮಾತ್ರ ಮಾರನೆಯ ದಿನ ಅಂಗಡಿಯವನ ಜತೆ ಜಗಳಕ್ಕೆ ಹೋದರು. “ದೊಡ್ಡವರು ಅಂದ್ರೆ ನಿಂಗೆ ಇಷ್ಟೇನಾ ಗೊತ್ತಿರೋದು? ದೊಡ್ಡವರಿಗೆ ಮಂಡಿನೋವು ಇಲ್ವಾ, ಹಾಸಿಗೆ ಹಿಡಿದ ಅಪ್ಪ ಇಲ್ವಾ, ಮಾತು ಬಿಟ್ಟ ಅಣ್ಣತಮ್ಮಂದಿರು ಇಲ್ವಾ? ಅದನ್ನ ತೆಗೆದಿರೋ ಸಿನಿಮಾ ಕೇಳಿದ್ದು ನಾನು.”

ಇವರ ಪ್ರಕಾರ ನಿಜವಾದ ಸಿನಿಮಾದಲ್ಲಿ ಬಾಗಿಲು ತೆಗೆದವನು ಬಾಗಿಲು ಹಾಕಬೇಕು, ಉಂಡವನು ತಟ್ಟೆ ತೊಳೆಯಬೇಕು. ಜಗಳ ಆಡುವವರು ಜಗಳದ ಮಧ್ಯೆ ಏನು ಹೇಳಬೇಕೆಂದು ಮರೆತು ಸುಮ್ಮನೆ ನಿಲ್ಲಬೇಕು. ಕೆಟ್ಟವನು ಎಂದು ಯಾರೂ ಇರಬಾರದು, ಇದ್ದರೂ ಅವನಿಗೂ ನೆಗಡಿ ಆಗಬೇಕು. ಮುಗಿದ ಮೇಲೆ ಎರಡು ದಿನ ತಲೆ ತಿನ್ನಬೇಕು. ತಲೆ ತಿನ್ನುವುದಕ್ಕೆ ನೀವೇ ಇದ್ದೀರಲ್ಲ, ಅದಕ್ಕೊಂದು ಸಿನಿಮಾ ಬೇರೆ ಯಾಕೆ ಎನ್ನುತ್ತೇನೆ ನಾನು.

ಭಾನುವಾರ ಬಂತೆಂದರೆ ನನಗೆ ಎದೆಯಲ್ಲಿ ಢವಢವ. ವಾರವಿಡೀ ದುಡಿದವಳಿಗೆ ಒಂದು ಹಾಡು ಬೇಕು, ಒಂದು ನಗು ಬೇಕು. ಇವರು ಹಾಕುವುದು ಎಂಥದ್ದು? ಒಬ್ಬ ಹೆಂಗಸು ಕೂತು ಆಲೂಗಡ್ಡೆ ಸುಲಿಯುತ್ತಾಳೆ, ಸುಲಿಯುತ್ತಾಳೆ, ಸುಲಿಯುತ್ತಲೇ ಇರುತ್ತಾಳೆ. “ಆಲೂಗಡ್ಡೆ ಸುಲಿಯೋದು ನೋಡ್ಬೇಕಾದ್ರೆ ಅಡುಗೆಮನೆಗೆ ಬನ್ರೀ, ಬೆಳಿಗ್ಗೆಯಿಂದ ನಡೀತಾನೇ ಇದೆ” ಎಂದರೆ, “ಷ್, ಅವಳ ಕೈ ನೋಡು, ನಿಜವಾಗಿ ಸುಲಿದು ಗೊತ್ತಿರೋ ಕೈ ಅದು” ಎನ್ನುತ್ತಾರೆ. ನನ್ನ ಕೈಯನ್ನು ಇವರು ಯಾವತ್ತು ನೋಡಿದ್ದಾರೋ ದೇವರೇ ಬಲ್ಲ.

ಇಲ್ಲಿ ನನ್ನ ಹಲ್ಲಿನ ವಿಷಯ ಹೇಳಬೇಕು. ನನ್ನವು ಎರಡೂ ಸೆಟ್ ಇವರು ಕಟ್ಟಿದ್ದೇ. ಹದಿನಾಲ್ಕು ವರ್ಷವಾಯಿತು. ಕಟ್ಟಿದಾಗ ಚೆನ್ನಾಗಿಯೇ ಇದ್ದವು, ಸುಳ್ಳು ಯಾಕೆ ಹೇಳಲಿ. ಬೀದಿಯ ಹೆಂಗಸರೆಲ್ಲ ನನ್ನ ಬಾಯಿ ನೋಡಿಯೇ ತಮ್ಮ ಅತ್ತೆ ಮಾವಂದಿರನ್ನು ಕರೆತಂದರು. ಆದರೆ ನಾಲ್ಕು ವರ್ಷದಿಂದ ಕೆಳಗಿನ ಸೆಟ್ ಸಡಿಲ. ಮಾತಾಡಿದರೆ ಏಳುತ್ತದೆ, ನಕ್ಕರೆ ಜಾರುತ್ತದೆ, ಅಗಿದರೆ ಬಲಗಡೆ ವಸಡಿಗೆ ಕುಟ್ಟುತ್ತದೆ. ನಾಲಿಗೆಯಲ್ಲಿ ಒತ್ತಿ ಹಿಡಿದುಕೊಂಡೇ ದಿನ ತಳ್ಳುತ್ತೇನೆ. ಮೊದಲ ವರ್ಷ ಮೂರು ಸಲ ಹೇಳಿದೆ. ಮೂರು ಸಲವೂ “ಭಾನುವಾರ ನೋಡೋಣ” ಎಂಬ ಉತ್ತರ. ಭಾನುವಾರ ಏನು ನೋಡುತ್ತಾರೆ ಎಂದು ಆಗಲೇ ಹೇಳಿದೆನಲ್ಲ. ಆಮೇಲೆ ನಾನೂ ಬಿಟ್ಟೆ. ಕೇಳದವರ ಮುಂದೆ ಎಷ್ಟು ಅಂತ ಬಾಯಿ ಬಡಿದುಕೊಳ್ಳುವುದು, ಬಡಿದುಕೊಂಡರೆ ಸೆಟ್ ಬೇರೆ ಉದುರುತ್ತದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಇಬ್ಬರು ಬಂದರು. ಒಬ್ಬಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹೆಗಲಿಗೆ ಚೀಲ, ಕಾಲಿಗೆ ರಬ್ಬರ್ ಚಪ್ಪಲಿ. ತಾನು ಸಿನಿಮಾ ನಿರ್ದೇಶಕಿ ಎಂದಳು. ಜತೆಗೆ ಬಂದಿದ್ದವರು ಎಪ್ಪತ್ತು ದಾಟಿದ ನಾಟಕದ ನಟಿ. ಸಿನಿಮಾದಲ್ಲಿ ಅವರದು ಒಂದು ದೊಡ್ಡ ಕಚೇರಿಯ ಮೆಟ್ಟಿಲು ಒರೆಸುವ ಮುದುಕಿಯ ಪಾತ್ರವಂತೆ. ಕಚೇರಿಗೆ ಲಿಫ್ಟ್ ಬರುತ್ತದೆ, ಮೆಟ್ಟಿಲು ಹತ್ತುವವರೇ ಇಲ್ಲವಾಗುತ್ತಾರೆ, ಆದರೂ ಅವಳು ದಿನಾ ಒರೆಸುತ್ತಾಳೆ. ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದಾನೆ. ಅಷ್ಟೇ ಕಥೆ. ನಾನು ಒಳಗಿನಿಂದ ಕೇಳಿಸಿಕೊಂಡು, ಇದಕ್ಕೂ ಯಾರಾದರೂ ಬರುತ್ತಾರಾ ಎಂದುಕೊಂಡೆ. ಇವರ ಮುಖ ಮಾತ್ರ ಹೊಸ ಮದುವಣಿಗನ ಹಾಗಾಗಿತ್ತು.

“ಈ ಅಮ್ಮನ ಸ್ವಂತ ಸೆಟ್ ಸ್ಟೇಜಿಗೆ ಅಂತ ಮಾಡ್ಸಿದ್ದು ಸರ್, ತುಂಬಾ ಬಿಳಿ” ಎಂದಳು ನಿರ್ದೇಶಕಿ. “ನಮಗೆ ಹಳೇದಾಗಿ ಸಡಿಲ ಆಗಿರೋದು ಬೇಕು. ಮಾತಾಡುವಾಗ ಏಳ್ಬೇಕು, ಅವಳು ನಾಲಿಗೆಯಿಂದ ಒತ್ತಿ ಕೂರಿಸ್ಕೋಬೇಕು. ಡಾಕ್ಟ್ರುಗಳನ್ನ ಕೇಳಿದ್ರೆ ನಗ್ತಾರೆ. ನೀವೊಬ್ರು ಅರ್ಥ ಮಾಡ್ಕೋತೀರ ಅಂತ ಯಾರೋ ಹೇಳಿದ್ರು.”

“ನಲವತ್ತು ವರ್ಷದಿಂದ ಇದನ್ನೇ ಬಡ್ಕೋತಾ ಇದೀನಮ್ಮಾ” ಎಂದರು ಇವರು. “ಹಲ್ಲು ಹೋದ್ಮೇಲೆ ದವಡೆ ಮೂಳೆ ಸವೀತಾ ಹೋಗುತ್ತೆ. ಬ್ರಹ್ಮನೇ ಬಂದು ಸೆಟ್ ಮಾಡಿದ್ರೂ ಆರೇಳು ವರ್ಷಕ್ಕೆ ಸಡಿಲ ಆಗ್ಲೇಬೇಕು. ಯಾವ ಸಿನಿಮಾದಲ್ಲಿ ತೋರ್ಸಿದಾರೆ ಹೇಳಿ? ನೀವು ತೋರ್ಸಿ. ನಾನು ಮಾಡ್ಕೊಡ್ತೀನಿ.”

ನಾನು ಆಗ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆಗಲೇ ಹನ್ನೆರಡು ವರ್ಷವಾಗಿದ್ದ ಸೆಟ್ಟನ್ನು ನಾಲಿಗೆಯಲ್ಲಿ ಒತ್ತಿಕೊಂಡು, “ಸಕ್ಕರೆ ಎಷ್ಟು?” ಎಂದು ಕೇಳಿದೆ. ಆ ನಟಿ ನನ್ನನ್ನೇ ನೋಡಿದರು. ಗಲ್ಲಕ್ಕೆ ಏನಾದರೂ ಅಂಟಿದೆಯೋ ಎಂದು ಸೆರಗಿನಿಂದ ಒರೆಸಿಕೊಂಡೆ. “ಬನ್ನಿ ತಾಯಿ, ಕೂತ್ಕೊಳ್ಳಿ, ಆ ದವಡೆಗಳ ಮಧ್ಯೆ ಇವರಿಬ್ರು ಮಾತಾಡ್ಕೊಳ್ಳಲಿ” ಎಂದು ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅರ್ಧ ಗಂಟೆ ಏನೇನೋ ಕೇಳಿದರು, ಏನೇನೋ ಹೇಳಿ ನಗಿಸಿದರು. ಇಷ್ಟು ದೊಡ್ಡವರಿಗೆ ನನ್ನ ಹತ್ತಿರ ಏನು ಮಾತು ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮೊದಲ ಸೆಟ್ ಎಂಟು ದಿನದಲ್ಲಿ ತಯಾರಾಯಿತು. ನಟಿ ಬಂದು ಹಾಕಿಕೊಂಡರು. ಇವರು ಪರೀಕ್ಷೆಗೆಂದು ಹುರಿದ ಕಡಲೆ ಕೊಟ್ಟರು. ಅವರು ಕಟಕಟ ಕಡಿದು, “ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ, ನನಗೆ ಈ ವಯಸ್ಸಲ್ಲಿ ಎರಡೂ ಸಿಕ್ತಲ್ಲ” ಎಂದು ಕುಣಿದಾಡಿದರು. ನಿರ್ದೇಶಕಿ ತಲೆ ಮೇಲೆ ಕೈ ಹೊತ್ತು ಕೂತಳು. “ಸರ್, ಇದು ತೀರಾ ಚೆನ್ನಾಗಿದೆ. ನಮಗೆ ಕೆಟ್ಟದು ಬೇಕು.”

“ಕೆಟ್ಟದೇ ಮಾಡ್ತೀನಮ್ಮಾ, ಅದೇನ್ ಮಹಾ” ಎಂದರು ಇವರು.

ಅದೇ ಮಹಾ ಆಯಿತು. ಎರಡನೆಯದು ಮಾಡಿದರು, ಬಂಡೆಯ ಹಾಗೆ ಕೂತಿತು. ಮೂರನೆಯದು ಮಾಡಿದರು, ಅದೂ ಕೂತಿತು. ನಾನು ಬಾಗಿಲಿನಿಂದ ನೋಡುತ್ತಿದ್ದೆ. ಸಡಿಲವಾಗಲಿ ಎಂದು ಅರದಿಂದ ಅಂಚು ಉಜ್ಜುತ್ತಾರೆ. ಉಜ್ಜಿದ ಜಾಗ ಒರಟಾಯಿತು, ಚುಚ್ಚುತ್ತದೆ ಎಂದು ನುಣುಪು ಮಾಡುತ್ತಾರೆ. ನುಣುಪು ಮಾಡುವಾಗ ಸಂದು ಬಿಟ್ಟದ್ದು ಕಾಣುತ್ತದೆ, ಅಲ್ಲಿಗೆ ಸ್ವಲ್ಪ ಮೇಣ ತುಂಬುತ್ತಾರೆ. ಕೊನೆಗೆ ನೋಡಿದರೆ ಮೊದಲಿಗಿಂತ ಚೆನ್ನಾಗಿರುತ್ತದೆ. ಸುತ್ತಿಗೆ ತೆಗೆದುಕೊಂಡು ಒಡೆದು ಹಾಕೋಣ ಎನ್ನುವಷ್ಟು ನನಗೆ ರೇಗುತ್ತಿತ್ತು. ಒಳ್ಳೆಯದು ಮಾಡಲು ಬಾರದವರನ್ನು ನೋಡಿದ್ದೇನೆ, ಕೆಟ್ಟದು ಮಾಡಲು ಬಾರದೆ ಒದ್ದಾಡುವ ಗಂಡಸನ್ನು ಕಂಡದ್ದು ಇದೇ ಮೊದಲು.

“ಕೈ ಮಾತು ಕೇಳಲ್ಲ ಕಣೇ” ಎಂದರು ಒಂದು ಸಂಜೆ, ಚಹಾ ಆರಿಸಿಕೊಂಡು ಕೂತು. “ಒಂದು ಹಳೇ ಸೆಟ್ ಕಣ್ಣಮುಂದೆ ಇದ್ರೆ ನೋಡಿ ನೋಡಿ ಹಾಗೇ ಮಾಡ್ಬೋದು. ಎಲ್ಲಿ ಸವೆಯುತ್ತೆ, ಎಲ್ಲಿ ಬಣ್ಣ ಕೆಡುತ್ತೆ, ಎಲ್ಲಿ ಏಳುತ್ತೆ, ಅಳತೆ ಸಿಕ್ಕಿಬಿಡುತ್ತೆ.”

ಅವತ್ತೇ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದರು: ‘ಸಡಿಲವಾದ ಹಳೆಯ ಹಲ್ಲಿನ ಸೆಟ್ ಬೇಕಾಗಿದೆ. ಎರಡು ದಿನದಲ್ಲಿ ಹಿಂತಿರುಗಿಸಲಾಗುವುದು.’ ಬೀದಿಗೆ ಬೀದಿಯೇ ನಕ್ಕಿತು. ಎರಡು ದಿನಕ್ಕೆ ಹಲ್ಲು ಸಾಲ ಕೊಡುವವರು ಯಾರು, ಅಷ್ಟು ದಿನ ಅವರು ತಿನ್ನುವುದು ಏನನ್ನು? ಇವರು ಸುಮ್ಮನಿರಲಿಲ್ಲ. ಹಳೆಯ ಗಿರಾಕಿಗಳ ಮನೆಮನೆಗೆ ಹೋದರು. ನಿವೃತ್ತ ಮೇಷ್ಟ್ರೊಬ್ಬರು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡರಂತೆ. ಎರಡು ವಾರ ಬಿಸಿಲಲ್ಲಿ ಅಲೆದು, ಮುಖ ಸಣ್ಣದು ಮಾಡಿಕೊಂಡು ಬರುವುದನ್ನು ನೋಡಲಾರದೆ ನಾನೇ ಬಾಯಿ ಬಿಟ್ಟೆ.

“ಊರೆಲ್ಲಾ ಯಾಕೆ ಅಲೀತೀರಿ? ನಂದು ನೋಡಿ. ಕೆಳಗಿಂದು ಸಡಿಲ ಆಗಿದೆ ಅಂತ ಎರಡು ವರ್ಷದ ಹಿಂದೇನೇ ಹೇಳಿರ್ಲಿಲ್ವಾ?”

ಇವರು ನಕ್ಕರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ನಿಂದು ನಾನೇ ಕೈಯಾರೆ ಮಾಡಿದ್ದು ಕಣೇ. ಅದು ಹೇಗೆ ಸಡಿಲ ಆಗುತ್ತೆ? ನೀನು ಸರಿಯಾಗಿ ಹಾಕ್ಕೊಳ್ಳಲ್ಲ ಅಷ್ಟೆ.”

ಬ್ರಹ್ಮ ಮಾಡಿದ್ದು ಸಡಿಲವಾಗುತ್ತದೆ, ಇವರು ಮಾಡಿದ್ದು ಆಗುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಇನ್ನು ಇವರ ಸಿನಿಮಾದ ವಿಷಯಕ್ಕೆ ಹೋದರೆ ನನ್ನ ಹೆಸರು ಬೇರೆ ಎಂದುಕೊಂಡೆ.

ನಾಲ್ಕನೆಯ ಸೆಟ್ಟನ್ನು ಕಡು ಚಹಾದಲ್ಲಿ ಮೂರು ದಿನ ನೆನೆಹಾಕಿ, ಒಂದು ಹಲ್ಲಿನ ತುದಿ ಮುರಿದು, “ಈಗ ಸರಿಯಾಯ್ತು, ಲೊಡಲೊಡ ಅನ್ನುತ್ತೆ” ಎಂದು ಕೊಟ್ಟರು. ಚಿತ್ರೀಕರಣಕ್ಕೆ ಹೊತ್ತಾಗಿತ್ತು, ನಿರ್ದೇಶಕಿ ನಟಿಗೆ ಹಾಕಿಸಿಯೂ ನೋಡದೆ ತೆಗೆದುಕೊಂಡು ಹೋದಳು. ಆಮೇಲೆ ಒಂದೂವರೆ ವರ್ಷ ಇವರದು ಒಂದೇ ಧ್ಯಾನ. ಅಂಗಡಿಗೆ ಬಂದ ಪ್ರತಿಯೊಬ್ಬ ಗಿರಾಕಿಗೂ, “ಒಂದು ನಿಜವಾದ ಸಿನಿಮಾ ಬರ್ತಾ ಇದೆ, ಅದರಲ್ಲಿ ಒಂದು ನಿಜವಾದ ಬಾಯಿ ಇದೆ, ನಂದೇ ಕೆಲಸ” ಎಂದು ಹೇಳಿದ್ದೇ ಹೇಳಿದ್ದು. ಜೀವಮಾನದಲ್ಲಿ ಇವರು ಬೇರೇನೂ ಆಸೆಪಟ್ಟವರಲ್ಲ. ಪರದೆಯ ಮೇಲೆ ಸುಳ್ಳಲ್ಲದ ಒಂದು ಬಾಯಿ ನೋಡಬೇಕು, ಅದು ತನ್ನ ಕೈಯಿಂದ ಆಗಿರಬೇಕು, ಅಷ್ಟೇ.

ಸಿನಿಮಾ ಬಂತು. ನಾಲ್ಕು ಪರದೆಯ ದೊಡ್ಡ ಚಿತ್ರಮಂದಿರದಲ್ಲಿ ಅತಿ ಸಣ್ಣ ಪರದೆಗೆ, ಮಧ್ಯಾಹ್ನ ಮೂರಕ್ಕೆ ಒಂದೇ ಆಟ, ಅದೂ ಮೂರೇ ದಿನ. ಶುಕ್ರವಾರ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು, ನಾಲ್ಕು ಗಂಟೆಗೇ ವಾಪಸ್ಸು ಬಂದರು. ಹತ್ತು ಜನ ಇಲ್ಲದಿದ್ದರೆ ಆಟ ಹಾಕುವುದಿಲ್ಲವಂತೆ, ಆರೇ ಜನ ಇದ್ದರಂತೆ. ಶನಿವಾರ ಎಂಟು ಜನ. ಟಿಕೆಟ್ ಕೊಡುವವನ ಹತ್ತಿರ, “ಹಲ್ಲು ನಂದು, ಸ್ವಲ್ಪ ಹಾಕಪ್ಪಾ” ಎಂದು ಬೇಡಿಕೊಂಡರಂತೆ. ಅವನಿಗೇನು ಅರ್ಥವಾದೀತು. ಇವರು ಬಂದು ದವಡೆಗಳ ಎದುರು ಕೂತರು. ಊಟಕ್ಕೂ ಏಳಲಿಲ್ಲ.

ಭಾನುವಾರ ನಾನೂ ಹೊರಟೆ. ಹೆಸರು ಬೇರೆಯಾದರೂ ಆಗಲಿ, ಕಟ್ಟಿಕೊಂಡ ಗಂಡ. ಮೈದುನನನ್ನೂ ಬೈದು ಎಬ್ಬಿಸಿ ಕರೆದುಕೊಂಡು ಹೋದೆ. ಟಿಕೆಟ್ ಕಿಟಕಿಯಲ್ಲಿ ಕೇಳಿದರೆ ನಾವು ಮೂವರು ಸೇರಿ ಏಳು. ಮೂರು ಗಂಟೆಗೆ ಐದೇ ನಿಮಿಷ. ಪಕ್ಕದ ಪರದೆಯಲ್ಲಿ ಕಾರುಗಳು ಹಾರುವ ಸಿನಿಮಾ, ಅಲ್ಲಿ ಟಿಕೆಟ್ ಖಾಲಿಯಾಗಿ ಜನ ಹಿಂತಿರುಗುತ್ತಿದ್ದರು. ನಾನು ಹೋಗಿ ಅಡ್ಡ ನಿಂತೆ.

“ಬಿಸಿಲಲ್ಲಿ ಎಲ್ಲಿಗೆ ಹೋಗ್ತೀರಪ್ಪಾ, ಈ ಕಡೆ ಬನ್ನಿ, ಒಳಗೆ ತಣ್ಣಗಿದೆ. ಮೂರೇ ಜನ ಸಾಕು.”

“ಫೈಟ್ ಇದೆಯಾ ಆಂಟಿ?” ಎಂದಳು ಒಬ್ಬ ಕಾಲೇಜು ಹುಡುಗಿ.

“ಮನೆಯಷ್ಟು ಫೈಟ್ ಎಲ್ಲೂ ಇಲ್ಲ, ಬಾ” ಎಂದೆ. ಅವಳೂ ಅವಳ ಗೆಳತಿಯೂ ನಗುತ್ತಾ ಬಂದರು. ಹತ್ತನೆಯವನಾಗಿ ಮೈದುನ ಪಕ್ಕದ ಅಂಗಡಿಯ ಚಪ್ಪಲಿ ಮಾರುವವನನ್ನು ರಟ್ಟೆ ಹಿಡಿದು ಎಳೆದು ತಂದ. ಆಟ ಶುರುವಾಯಿತು.

ಹತ್ತು ನಿಮಿಷಕ್ಕೆ ಮೈದುನ ಗೊರಕೆ ಹೊಡೆದ. ನಾನೂ ನಿದ್ದೆ ಮಾಡೋಣ ಎಂದೇ ಕಾಲು ಚಾಚಿದ್ದೆ. ಪರದೆಯ ಮೇಲೆ ಮುದುಕಿ ಬಕೆಟ್ ಇಟ್ಟಳು, ಬಟ್ಟೆ ಹಿಂಡಿದಳು, ಒಂದು ಮೆಟ್ಟಿಲು ಒರೆಸಿದಳು, ಇನ್ನೊಂದು ಒರೆಸಿದಳು. ಹಿಂದಿನ ದಿನ ಒರೆಸಿದ ಮೆಟ್ಟಿಲು, ಯಾರೂ ತುಳಿಯದ ಮೆಟ್ಟಿಲು. ಬಟ್ಟೆ ಹಿಂಡುವಾಗ ಎಡಗೈಯ ಹೆಬ್ಬೆರಳು ನೋವಿಗೆ ಹಿಂದೆ ಸರಿಯುತ್ತಿತ್ತು. ನನಗೆ ನಿದ್ದೆ ಬರಲಿಲ್ಲ. ಯಾರೋ ನಮ್ಮ ಮನೆಯ ಕಿಟಕಿಯಿಂದ ಒಳಗೆ ನೋಡುತ್ತಿದ್ದಾರೆ ಅನಿಸಿ ಒಂಥರಾ ಕಸಿವಿಸಿಯಾಯಿತು. ಇಷ್ಟು ವರ್ಷ ಇವರು ಬಡಿದುಕೊಂಡದ್ದು ಇದನ್ನೇ ಏನು ಎಂದು ಮೊದಲ ಸಲ ಅನಿಸಿತು. ಅನಿಸಿದ್ದಕ್ಕೆ ಸಿಟ್ಟೂ ಬಂತು, ಇವರಿಗೆ ಸೋತ ಹಾಗಾಯಿತಲ್ಲ ಎಂದು.

ಆಮೇಲೆ ಮುದುಕಿ ಬಾಯಿ ತೆರೆದು ಮಾತಾಡಿದಳು. ಇವರು ಮುಂದಕ್ಕೆ ಬಾಗಿದರು. ಎರಡು ಮಾತು ಆಗುವಷ್ಟರಲ್ಲಿ ಕುರ್ಚಿಗೆ ಒರಗಿ ಕುಸಿದರು.

“ಕೂತುಬಿಟ್ಟಿದೆ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಬಂಡೆ ಥರ ಕೂತಿದೆ ನೋಡು. ಒಂದು ಕೂದಲೆಳೆಯಷ್ಟೂ ಏಳ್ತಾ ಇಲ್ಲ. ಮೆಟ್ಟಿಲು ನಿಜ, ಬಕೆಟ್ ನಿಜ, ಎಲ್ಲಾ ನಿಜ. ನನ್ನ ಹಲ್ಲೊಂದೇ ಸುಳ್ಳು.”

ಅಯ್ಯೋ ಪಾಪ ಅನಿಸಿತು. ಕೈ ಹಿಡಿಯೋಣ ಎಂದುಕೊಂಡೆ. ಅಷ್ಟರಲ್ಲಿ ಪರದೆಯ ಮೇಲಿನ ಮುದುಕಿ ಕಾವಲುಗಾರನ ಮಾತಿಗೆ ನಕ್ಕಳು. ನಗುವಾಗ ಮುಖವನ್ನು ಎಡಕ್ಕೆ ತಿರುಗಿಸಿದಳು. ಎರಡು ಬೆರಳು ತುಟಿಯ ಮೇಲೆ, ಹೆಬ್ಬೆರಳು ಗಲ್ಲದ ಕೆಳಗೆ. ನಗು ಮುಗಿದ ಮೇಲೆ ನಾಲಿಗೆ ಒಳಗಿನಿಂದ ಒತ್ತಿತು, ಕೆಳದವಡೆ ಒಂದಿಷ್ಟು ಮುಂದೆ ಬಂದು ಹಿಂದೆ ಹೋಯಿತು. ಕಡೆಗೆ ಸೆರಗಿನ ತುದಿಯಿಂದ ಗಲ್ಲ ಒರೆಸಿಕೊಂಡಳು.

ಅದು ನಾನು. ನನ್ನ ಕೈ, ನನ್ನ ನಾಲಿಗೆ, ನನ್ನ ಸೆರಗು. ಒಳಗಿನ ಕೋಣೆಯಲ್ಲಿ ಕೂರಿಸಿ ಆ ನಟಿ ಅರ್ಧ ಗಂಟೆ ನಗಿಸಿದ್ದು ಯಾಕೆಂದು ಆಗ ತಿಳಿಯಿತು. ಕಳ್ಳಿ. ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ. ಎಲ್ಲಿಂದಲೋ ಬಂದವರು ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಕಂಡದ್ದನ್ನು, ದಿನಕ್ಕೆ ಮೂರು ಹೊತ್ತು ಎದುರಿಗೆ ಕೂತು ಉಣ್ಣುವ ಮನುಷ್ಯ ನಾಲ್ಕು ವರ್ಷದಲ್ಲಿ ಕಾಣಲಿಲ್ಲವಲ್ಲ.

“ಆ ಕೈ ನೋಡು” ಎಂದು ಇವರು ಮತ್ತೆ ಪಿಸುಗುಟ್ಟಿದರು. “ಕೂತಿರೋ ಸೆಟ್ಟನ್ನ ಸಡಿಲ ಆಗಿರೋ ಹಾಗೆ ತೋರಿಸ್ತಾ ಇದಾರೆ ಪುಣ್ಯಾತ್ಗಿತ್ತಿ. ನನ್ನ ಸುಳ್ಳನ್ನ ಮುಚ್ಚಿಬಿಟ್ರು. ಇದನ್ನ ಎಲ್ಲಿ ನೋಡಿ ಕಲಿತ್ರೋ.”

ನಾನು ಸೆರಗಿನಿಂದ ಗಲ್ಲ ಒರೆಸಿಕೊಂಡೆ.

ಕೊನೆಯ ಹೊತ್ತಿಗೆ ಮುದುಕಿ ಮನೆಗೆ ಬರುತ್ತಾಳೆ. ಸೆಟ್ ತೆಗೆದು ಲೋಟದ ನೀರಿಗೆ ಹಾಕಿ, ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಗಂಡನಿಗೂ ತಿನ್ನಿಸಿ ತಾನೂ ತಿನ್ನುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಹಾಡಿಲ್ಲ, ಮಾತಿಲ್ಲ. ಹಿಂದೆ ಕೂತಿದ್ದ ಕಾಲೇಜು ಹುಡುಗಿಯರೂ ಉಸಿರೆತ್ತಲಿಲ್ಲ. ಮಲಗಿದ ಗಂಡ ಎಷ್ಟೋ ಹೊತ್ತು ಅವಳ ಬೊಚ್ಚು ಬಾಯನ್ನೇ ನೋಡಿ, “ನೋಯ್ತಾ ಇದೆಯಾ?” ಎನ್ನುತ್ತಾನೆ. ಅವಳು ತಲೆ ಆಡಿಸುತ್ತಾಳೆ. ಸಿನಿಮಾ ಮುಗಿಯುತ್ತದೆ.

ದೀಪ ಹತ್ತಿತು. ಇವರು ಕರವಸ್ತ್ರದಿಂದ ಎರಡೂ ಕಣ್ಣು ಒತ್ತಿಕೊಂಡು ಬಿಕ್ಕುತ್ತಿದ್ದರು. “ಒಂದೇ ಮಾತು ಕಣೇ. ‘ನೋಯ್ತಾ ಇದೆಯಾ’. ಅಷ್ಟೇ. ಇದು ದೊಡ್ಡವರ ಸಿನಿಮಾ. ಹೀಗೆ ಕೇಳೋ ಗಂಡನ್ನ ಯಾವ ಸಿನಿಮಾದಲ್ಲಿ ನೋಡಿದೀಯ ಹೇಳು?”

ನನಗೆ ಇನ್ನು ತಡೆಯಲಾಗಲಿಲ್ಲ. ಕೆಳಗಿನ ಸೆಟ್ಟನ್ನು ಬಾಯಿಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಅವರ ಕೈ ಬಿಡಿಸಿ ಅಂಗೈ ಮೇಲೆ ಇಟ್ಟೆ.

ಕಣ್ಣು ಒರೆಸಿಕೊಂಡು ನೋಡಿದರು. ದೀಪಕ್ಕೆ ಹಿಡಿದರು. ತಿರುಗಿಸಿ ಬಲಗಡೆಯ ಸವೆದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಎರಡು ವರ್ಷದ ಹಿಂದೆ ಬಿರುಕು ಬಿಟ್ಟಾಗ ನಾನೇ ಗೋಂದು ಹಾಕಿ ಅಂಟಿಸಿದ ಗೆರೆಯ ಮೇಲೆ ಉಗುರು ಆಡಿಸಿದರು. ಅಳುತ್ತಿದ್ದ ಮುಖ ಅರಳಿತು.

“ಇದೇ ಕಣೇ” ಎಂದರು. “ನಾನು ಊರೆ‍ಲ್ಲಾ ಹುಡುಕಿದ್ದು ಇದನ್ನೇ. ಎಲ್ಲಿತ್ತು ಇದು?”

ನಾನು ಬಾಯಿ ತೆರೆದು ತೋರಿಸಿದೆ.

ಸೆಟ್ಟಿನ ಒಳಭಾಗದಲ್ಲಿ ಇವರು ಪ್ರತಿ ಕೆಲಸಕ್ಕೂ ಅರದಿಂದ ಗೀರುವ ಒಂದು ಸಣ್ಣ ಗುರುತು ಇರುತ್ತದೆ. ಅದು ಕಾಣಿಸಿತು. ಆಮೇಲೆ ನನ್ನ ಮುಖ ಕಾಣಿಸಿತು. ಅರಳಿದ ಮುಖ ಹಾಗೆಯೇ ನಿಂತು, ಮೆಲ್ಲಗೆ ಇಳಿಯಿತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಗಾದೆಯನ್ನು ನಾನು ಹೇಳಬೇಕಾಗಿ ಬರಲಿಲ್ಲ, ಹೇಳಲು ಹಲ್ಲೂ ಇರಲಿಲ್ಲ. ಕಸ ಗುಡಿಸುವವನು ಬಂದು ಏಳಿ ಏಳಿ ಎಂದ. ಮೈದುನ ಎಚ್ಚರಗೊಂಡು, “ಏನಾಯ್ತು ಅತ್ತಿಗೆ, ಮುಗೀತಾ? ಚೆನ್ನಾಗಿತ್ತಾ?” ಎಂದು ಕೇಳಿದ. ಸೆಟ್ ಕೊಡಿ ಇತ್ತ ಎಂದು ನಾನು ಇವರತ್ತ ಕೈ ಚಾಚಿದೆ. ಇವರು ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು ನಡೆದರು. ಬಸ್ಸಿನಲ್ಲಿ ನಾನು ತುಟಿ ಬಿಗಿದುಕೊಂಡು, ಇವರು ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತೆವು.

ಮನೆಗೆ ಬಂದವರೇ ಅಂಗಡಿಯ ಬಾಗಿಲು ತೆಗೆದರು. ಭಾನುವಾರ ಆ ಬಾಗಿಲು ತೆರೆದದ್ದು ನಾನು ಕಂಡಂತೆ ಇದೇ ಮೊದಲು. ಸಂಜೆಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, “ಕೂತ್ಕೋ. ಮೇಲಿಂದೂ ತೆಗಿ” ಎಂದರು. ತೆಗೆದೆ. ದೀಪದ ಕುತ್ತಿಗೆ ನನ್ನ ಕಡೆ ತಿರುಗಿಸಿ, ಬಗ್ಗಿ, ಬಾಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಬಲಗಡೆಯ ವಸಡು ಹುಣ್ಣಾಗಿ ಕೆಂಪಗಿರುವುದು ನನಗೆ ಗೊತ್ತು, ಇವರಿಗೆ ಈಗ ಗೊತ್ತಾಯಿತು.

ಅಚ್ಚಿನ ಹಿಟ್ಟು ಕಲಸಿದರು. ದವಡೆಯ ಆಕಾರದ ಲೋಹದ ತಟ್ಟೆಗೆ ತುಂಬಿ ಬಾಯೊಳಗೆ ಇಟ್ಟು, ಎರಡು ಬೆರಳಿನಿಂದ ಒತ್ತಿ ಹಿಡಿದರು. ಗಟ್ಟಿಯಾಗಲು ಮೂರು ನಿಮಿಷ ಬೇಕು, ಅಲ್ಲಿಯವರೆಗೆ ಅಲ್ಲಾಡುವಂತಿಲ್ಲ, ಮಾತಾಡುವಂತಿಲ್ಲ. ನಾಲ್ಕು ವರ್ಷದಿಂದ ಕೂಡಿಟ್ಟ ಮಾತು ಗಂಟಲಲ್ಲಿ, ಬಾಯಿ ತುಂಬ ಹಿಟ್ಟು. ಗೋಡೆಯ ದವಡೆಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಇವರು ನನ್ನ ಮುಖದ ಹತ್ತಿರ ಮುಖ ತಂದು, ಸಣ್ಣ ದನಿಯಲ್ಲಿ ಕೇಳಿದರು.

“ನೋಯ್ತಾ ಇದೆಯಾ?”

ಕೇಳುವುದಕ್ಕೆ ಇವರಿಗೆ ಇದೇ ಹೊತ್ತು ಸಿಕ್ಕಿತು. ಕಣ್ಣಲ್ಲಿ ನೀರು ತುಂಬಿತು, ಸಿಟ್ಟು ನೆತ್ತಿಗೇರಿತು. ಇವರ ಎರಡು ಬೆರಳು ನನ್ನ ಬಾಯಲ್ಲೇ ಇದ್ದವು. ಕಚ್ಚಿಬಿಡೋಣ ಎಂದರೆ ಹಲ್ಲಿರಲಿಲ್ಲ.